ಕಿವುಡಾಗಿದ್ದರೆ ಸಾಕಿತ್ತು

ಆಸ್ಪತ್ರೆಯ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ ಗಕ್ಕನೆ ನಿಂತಿತು. ಒಳಗಿದ್ದವಳು ಅವಳೊಬ್ಬಳೇ.

ಬಾಗಿಲು ಬಡಿದಳು. ಕೂಗಿದಳು. ಅಳು ಬಂತು.

“ಒಳಗೆ ಯಾರು?” ಮೇಲಿನಿಂದ ಗಂಡು ದನಿ.

“ನಾನು!”

“ನಾನು ಅಂದ್ರೆ ಎಷ್ಟು ಜನ?”

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು!

ರಿಪೇರಿಗೆ ನಲವತ್ತು ನಿಮಿಷ ಹಿಡಿಯಿತು. ಅವಳು ಹೆದರದಿರಲೆಂದು ಅಷ್ಟು ಹೊತ್ತೂ ಅವನು ಮಾತು ನಿಲ್ಲಿಸಲಿಲ್ಲ. ಬಾಗಿಲು ತೆರೆದಾಗ, ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡ ಮೆಕ್ಯಾನಿಕ್... ಮುಖ ನೋಡುವ ಮೊದಲೇ ಅವಳು ಆ ದನಿಗೆ ಸೋತಿದ್ದಳು.

ಅವಳು ಅದೇ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ವರ್ಷ ತುಂಬುವುದರೊಳಗೆ ಮದುವೆಯಾಯಿತು.

ಮದುವೆಯ ಮೂರನೇ ವರ್ಷ ಆ ಬಾಯಿಬಡುಕ ಮಾತು ನಿಲ್ಲಿಸಿದ.

ಜಗಳವಾಗಿರಲಿಲ್ಲ. ಮೊದಲು ತಮಾಷೆ ಹೋಯಿತು. ಆಮೇಲೆ ಹಸಿವು, ನಿದ್ದೆ. ಕೆಲಸಕ್ಕೆ ರಜೆ ಹಾಕಿ ಹಾಸಿಗೆಯ ತುದಿಯಲ್ಲಿ ಕೂತಿರುತ್ತಿದ್ದ. ಒಂದು ಕಾಲಿಗೆ ಸಾಕ್ಸ್ ಹಾಕಿದ್ದರೆ ಇನ್ನೊಂದು ಕೈಯಲ್ಲೇ ಇರುತ್ತಿತ್ತು.

“ಊಟ ಮಾಡ್ತೀರಾ?”

ಉತ್ತರವಿಲ್ಲ. ಒಂದು ಕ್ಷಣ ನಿಂತು ಅವಳು ತಟ್ಟೆ ಒಳಗೆ ಒಯ್ಯುತ್ತಿದ್ದಳು.

ಅತ್ತೆ ಫೋನಿನಲ್ಲಿ ಕುಟುಕಿದರು. “ನಮ್ಮನೇಲಿದ್ದಾಗ ಅವನ ಬಾಯಿ ಮುಚ್ಚಿಸೋಕೇ ಆಗ್ತಿರಲಿಲ್ಲ. ನೀನು ಅದೇನು ಮಾಡಿದೆಯೋ ತಾಯಿ!”

‘ನಾನು ಬೇಡವಾದೆನಾ?’ ಅವಳೊಳಗೆ ಅದೊಂದೇ ಪ್ರಶ್ನೆ.

ಆಮೇಲೆ ಇನ್ನೊಂದು ಯೋಚನೆ ಹೊಳೆಯಿತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅವನಿಗೆ ಕಿವಿ ಕೇಳುತ್ತಿಲ್ಲವೇನೋ! ಕಿವಿ ಹೋಗಿದ್ದರೆ ಮಷೀನಿದೆ. ಪ್ರೀತಿ ಹೋಗಿದ್ದರೆ?

‘ದೇವರೇ, ಕಿವುಡಾಗಿರಲಿ... ಅಷ್ಟಾದರೆ ಸಾಕು.’

ಶನಿವಾರ ಮಧ್ಯಾಹ್ನ ಅವನನ್ನು ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದಳು.

“ಶಬ್ದ ಕೇಳಿದ ತಕ್ಷಣ ಈ ಗುಂಡಿ ಒತ್ತಿ. ಎಷ್ಟೇ ಸಣ್ಣದಿರಲಿ.”

ಶಬ್ದ ಕಳಿಸಿದಳು. ಅವನು ಒತ್ತಲಿಲ್ಲ. ಇನ್ನೂ ಜೋರಾಗಿ ಕಳಿಸಿದಳು. ಇಲ್ಲ. ಶಬ್ದವೇ ಇಲ್ಲದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಒತ್ತುತ್ತಿದ್ದ. ಅವನ್ನೆಲ್ಲ ತಪ್ಪೆಂದು ಗುರುತು ಹಾಕಿದಳು. ಬೇರೆ ರೋಗಿಯಾಗಿದ್ದರೆ ಅನುಮಾನ ಬರುತ್ತಿತ್ತು. ಇವತ್ತು ಅವಳಿಗೆ ಅನುಮಾನ ಬೇಕಿರಲಿಲ್ಲ.

“ಕಿವಿ ಮಂದ ಆಗಿದೆ ರೀ! ಅಷ್ಟೇ!” ಕಣ್ಣೀರಿನ ಜೊತೆ ನಕ್ಕಳು.

ಅವನು ತಲೆಯಾಡಿಸಿದ. ಏನು ಹೇಳಿದರೂ ತಲೆಯಾಡಿಸುತ್ತಿದ್ದ.

ವಿಭಾಗದ ಹಿರಿಯ ಮೇಡಂ ಚಾರ್ಟು ನೋಡಿ ಹುಬ್ಬು ಗಂಟಿಕ್ಕಿದರು. ತಾವೇ ಮತ್ತೆ ಪರೀಕ್ಷೆ ಮಾಡಿದರು. ಗುಂಡಿ ಒತ್ತದಿದ್ದರೂ ಕಿವಿ ಕೇಳುತ್ತದೋ ಇಲ್ಲವೋ ತಾನೇ ಅಳೆಯುವ ಮಷೀನನ್ನೂ ಕಿವಿಗಿಟ್ಟರು. ನಂತರ ಅವಳನ್ನು ಪಕ್ಕಕ್ಕೆ ಕರೆದರು.

“ಕಿವಿ ಚಿನ್ನದ ಹಾಗಿದೆ ಕಣಮ್ಮ. ಒಂದು ಶಬ್ದವನ್ನೂ ಬಿಟ್ಟಿಲ್ಲ ಅವರು. ಪ್ರತಿಯೊಂದಕ್ಕೂ ಒತ್ತಿದ್ದಾರೆ, ನಾಲ್ಕೈದು ಸೆಕೆಂಡ್ ತಡವಾಗಿ. ಅಷ್ಟರಲ್ಲಿ ನೀನು ಮುಂದಿನದಕ್ಕೆ ಹೋಗಿರ್ತೀಯ.”

ಅವಳು ಚಾರ್ಟನ್ನೇ ಮತ್ತೆ ಮತ್ತೆ ನೋಡಿದಳು.

“ಮೂರನೇ ಮಹಡಿಗೆ ಕರ್ಕೊಂಡು ಹೋಗು.”

“ಮೂರನೇ ಮಹಡಿ... ನನ್ನ ಗಂಡನಿಗೆ ಹುಚ್ಚಿಲ್ಲ ಮೇಡಂ!”

“ಹುಚ್ಚು ಅಂತ ನಾನೆಲ್ಲಿ ಅಂದೆ?” ಮೇಡಂ ಮೆಲ್ಲಗೆ ಹೇಳಿದರು. “ನನ್ನ ತಂಗೀನ ಅಲ್ಲಿಗೆ ಕರ್ಕೊಂಡು ಹೋಗೋಕೆ ನಾನು ಒಂದು ವರ್ಷ ತಡ ಮಾಡಿದೆ.”

ಅವಳಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದು ಒಂದೇ. ಇವನಿಗೆ ಎಲ್ಲವೂ ಕೇಳಿಸುತ್ತಿತ್ತು!

ಮನೆಯ ಬಾಗಿಲು ಹಾಕಿದ್ದೇ ತಡ, ಸಿಡಿದಳು. “ಮೂರು ತಿಂಗಳು ನಾನು ಗೋಡೆ ಜೊತೆ ಮಾತಾಡ್ದೆ! ಎಲ್ಲಾ ಕೇಳಿಸ್ಕೊಂಡು ಸುಮ್ಮನಿದ್ರಾ? ನಾನು ಬೇಡ ಅಂದ್ರೆ ಬೇಡ ಅನ್ನಿ! ಹೋಗ್ತೀನಿ!”

ಬ್ಯಾಗಿಗೆ ಬಟ್ಟೆ ತುರುಕಿದಳು. ಜಿಪ್ ಸಿಕ್ಕಿಕೊಂಡಿತು. ಎಳೆದಳು, ಬರಲಿಲ್ಲ. ಅಲ್ಲೇ ನೆಲಕ್ಕೆ ಕುಸಿದಳು.

ಬಹಳ ಹೊತ್ತು ಅಲ್ಲೇ ಕೂತಿದ್ದಳು.

“ಕೇಳಿಸುತ್ತೆ...” ಅವನ ದನಿ ತುಕ್ಕು ಹಿಡಿದಂತಿತ್ತು. “ಉತ್ತರ ಬಾಯಿವರೆಗೂ ಬರೋಷ್ಟರಲ್ಲಿ... ನೀನು ಎದ್ದು ಹೋಗಿರ್ತೀಯ.”

ಅವಳು ತಲೆ ಎತ್ತಿದಳು.

“ಊಟ ಮಾಡ್ತೀನಿ ಅನ್ನೋಕೂ... ಕಲ್ಲು ಎತ್ತಿದ ಹಾಗೆ. ನೀನು ಬೇಡ ಅಂತಲ್ಲ ಕಣೇ. ನಾನೇ... ಬೆಳಿಗ್ಗೆ ಎಚ್ಚರ ಆಗದೇ ಇದ್ರೆ ಚೆನ್ನಾಗಿತ್ತು ಅನ್ನಿಸುತ್ತೆ. ದಿನಾ.”

 ಕೇಳಬಾರದೇನೋ ಅನ್ನಿಸಿತು. ಆದರೂ ಕೇಳಿದಳು.

“ಸಾಯಬೇಕು ಅನ್ನಿಸುತ್ತಾ?”

ಈ ಸಲ ಅವಳು ಏಳಲಿಲ್ಲ.

“ಹೂಂ.”

ಬ್ಯಾಗು ಹಾಗೇ ಬಿದ್ದಿತ್ತು. ಅವಳು ಮೇಡಂಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಗಂಡನೊಂದಿಗೆ ಮೂರನೇ ಮಹಡಿಯಲ್ಲಿದ್ದಳು.

ಡಾಕ್ಟರು ಅವನೊಬ್ಬನ ಜೊತೆ ಒಂದು ಗಂಟೆ ಮಾತಾಡಿ, ನಂತರ ಅವಳನ್ನೂ ಕರೆದರು. “ಇದು ಖಿನ್ನತೆ. ಕಾಯಿಲೆ. ಸೋಮಾರಿತನ ಅಲ್ಲ, ನಿಮ್ಮ ಮೇಲಿನ ಬೇಜಾರೂ ಅಲ್ಲ.”

“ನನ್ನಿಂದ ಏನಾದ್ರೂ ತಪ್ಪು...”

“ನಿಮ್ಮಿಂದ ಬಂದದ್ದಲ್ಲಮ್ಮ. ನೀವೊಬ್ಬರೇ ವಾಸಿ ಮಾಡೋಕೂ ಆಗಲ್ಲ. ಮಾತ್ರೆ ಹಿಡಿಯೋಕೆ ಕೆಲವು ವಾರ ಬೇಕು. ಅಲ್ಲಿವರೆಗೂ ಇವರನ್ನ ಒಂಟಿಯಾಗಿ ಬಿಡಬೇಡಿ. ಆ ಯೋಚನೆ ಜಾಸ್ತಿಯಾದ್ರೆ ಹೊತ್ತು ನೋಡಬೇಡಿ, ಬಂದುಬಿಡಿ. ಮಂಗಳವಾರ ಮತ್ತೆ ನೋಡ್ತೀನಿ. ಅಂದಹಾಗೆ, ನಿಮ್ಮ ಜೊತೆಗೆ ಯಾರಿದ್ದಾರೆ?”

ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮೇಡಂ ಕೈ ಎತ್ತಿದರು.

ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತರು. ಅವಳು ಅವನ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

“ಅಮ್ಮನಿಗೆ ಏನು ಹೇಳ್ತೀಯ?”

“ಕಾಯಿಲೆ ಅಂತ.”

“ನಂಬಲ್ಲ ಅವಳು.”

“ಬಯ್ಲಿ. ಅಭ್ಯಾಸ ಆಗಿದೆ.”

ಅವನ ತುಟಿ ಸ್ವಲ್ಪ ಅಲುಗಿತು. ನಗುವಾಗಲಿಲ್ಲ.

“ನೀನು ಬಿಟ್ಟು ಹೋಗಿದ್ರೆ ನಿನಗೆ ಸುಲಭ ಆಗ್ತಿತ್ತು.”

“ಆಗ್ತಿತ್ತೇನೋ,” ಎಂದಳು. “ಹೋಗಲ್ಲ.”

ಅವನು ಅತ್ತ. ಮೂರು ತಿಂಗಳಲ್ಲಿ ಮೊದಲ ಸಲ. ಜನ ನೋಡುತ್ತಿದ್ದರು. ಅವಳು ತಡೆಯಲಿಲ್ಲ.

“ಭಯ ಆಗ್ತಿದೆ ಕಣೇ.”

“ನನಗೂ ರೀ.”

“ಕೈ... ಕೈ ಹಿಡ್ಕೊಳ್ತೀಯಾ?”



“ಹಿಡ್ಕೊಂಡೇ ಇದ್ದೀನಲ್ಲಾ.”

ಅವನು ನಿಧಾನವಾಗಿ ಕೆಳಗೆ ನೋಡಿದ. ತನ್ನದಲ್ಲದ ಕೈಯನ್ನು ನೋಡುವಂತೆ ನೋಡಿದ.

“ಹೌದಲ್ವಾ... ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡ್ಕೋ.”