ಜಿನೇಂದ್ರನ ಕೈಯ ಗಾಳ

"ವಕೀಲ್ರ, ನನ್ನ ಮಗಾ ಹೆಂಗ ಸತ್ತಾ ಅಂತ ಕೇಳಾಕ ಬಂದಿಲ್ಲ ನಾ," ಎಂದರು ಸುಂದರಾಬಾಯಿ. "ಸಾಯೂ ಮುಂದ ಅಂವ ಮೀನ ಹಿಡ್ಯಾಕತ್ತಿದ್ದನೋ ಇಲ್ಲೋ, ಅಷ್ಟ ಹೇಳ್ರಿ."

ಮಹಾಂತೇಶ ನಗರದ ಗುರುಪುತ್ರಪ್ಪನವರ ಪಡಸಾಲೆಯಲ್ಲಿ ನಾನು ಎರಡನೇ ಸಲದ ಚಹಾಕ್ಕೆ ಕಾಯುತ್ತ ಕುಳಿತಿದ್ದೆ. ಆ ಮಾತು ಕೇಳಿ ಚಹಾದ ಆಸೆಯೇ ಹೋಯಿತು. ಗುರುಪುತ್ರಪ್ಪ ಬೆಳಗಾವಿ ಕೋರ್ಟಿನಲ್ಲಿ ಕ್ರಿಮಿನಲ್ ವಕೀಲಿ ಮಾಡಿ ಈಗ ಕರಿ ಕೋಟು ಮಡಚಿಟ್ಟವರು. ಆದರೂ ಓಣಿಯಲ್ಲಿ ಏನು ಭಾನಗಡಿ ಆದರೂ ಜನ ಠಾಣೆಗಿಂತ ಮೊದಲು ಇವರ ಬಾಗಿಲು ಬಡಿಯುತ್ತಿದ್ದರು. ನಾನು ಶಿವಲಿಂಗ, ನಿವೃತ್ತ ಡ್ರಿಲ್ ಮಾಸ್ತರ, ಅವರ ಬಾಜು ಮನೆಯವನು. ಅವರ ಸ್ಕೂಟರಿನ ಹಿಂದೆ ಕುಳಿತು ಕುಳಿತು ನನ್ನ ಸೊಂಟ ಹಾಳಾಗಿತ್ತು, ಕುತೂಹಲ ಮಾತ್ರ ಗಟ್ಟಿಮುಟ್ಟಾಗಿತ್ತು.

ಸುಂದರಾಬಾಯಿ ನಮ್ಮ ಹಿಂದಿನ ಓಣಿಯ ಜೈನ ಮನೆತನದವರು. ಮಗ ಜಿನೇಂದ್ರ ಹೋದ ವಾರವಷ್ಟೇ ತೀರಿಕೊಂಡಿದ್ದ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವನೂ, ಕಾಲೇಜು ಗೆಳೆಯರಾದ ಕಲ್ಮೇಶ ಮತ್ತು ಚೇತನರೂ ಕಾರವಾರದ ಕಡೆಗೆ ಹೋಗಿ, ದೋಣಿ ಬಾಡಿಗೆ ಹಿಡಿದು, ಶನಿವಾರ ರವಿವಾರ ಸಮುದ್ರದ ಮೇಲೆ ಕಳೆಯುತ್ತಿದ್ದರು. ಗೆಳೆಯರಿಬ್ಬರು ಮೀನು ಹಿಡಿಯುತ್ತಿದ್ದರು. ಜಿನೇಂದ್ರ ಸುಮ್ಮನೆ ಜೊತೆಗೆ ಹೋಗುತ್ತಿದ್ದ, ಸಾಧ್ಯವಾದರೆ ಅವರು ಹಿಡಿದ ಮೀನನ್ನು ಕಣ್ಣುತಪ್ಪಿಸಿ ನೀರಿಗೆ ಬಿಡುತ್ತಿದ್ದ. ಈ ಸಲ ಶನಿವಾರ ಹೊತ್ತು ಮುಳುಗುವಾಗ ದೋಣಿಯ ಹಿಂಭಾಗದಿಂದ ಅವನೇ ನೀರಿಗೆ ಬಿದ್ದ. ಈಜು ಬರುತ್ತಿರಲಿಲ್ಲ. ಗಾಳ ಅವನ ಕೈಗೇ ಸಿಕ್ಕಿಕೊಂಡಿತ್ತು. ಅದರ ದಾರ ಎಳೆದು ಹೆಣ ಮೇಲೆತ್ತಿದರು.

"ಕಲ್ಮೇಶ ಹೇಳ್ತಾನ, ಈ ವರ್ಷ ಅಂವಗ ಮೀನ ಹಿಡಿಯೂ ಹುಚ್ಚ ಹತ್ತಿತ್ತಂತ. ದೊಡ್ಡದ ಒಂದ ಗಾಳಕ್ಕ ಬಿದ್ದ ಎಳಕೊಂಡ ಹೋತಂತ. ಮನಿಗಿ ಬಂದಾವ್ರೆಲ್ಲ ಅದನ್ನ ಆಡ್ಕೋತಾರ. ಕೊಲ್ಲಾಕ ಹೋಗಿ ಸತ್ತ ಅಂತಾರ್ರೀ ನನ್ನ ಮಗನ್ನ!" ಆಕೆ ಮುಂದಕ್ಕೆ ಸರಿದು ಕುಳಿತರು. "ಹೋಗೂ ಮುಂದ ಮೀನ ಮುಟ್ಟಂಗಿಲ್ಲವ್ವಾ ಅಂತ ಮಾತ ಕೊಟ್ಟ ಹೋಗಿದ್ದ."

ಮಗನನ್ನು ಕಳೆದುಕೊಂಡವಳಿಗೆ ಅವನ ಹೆಸರನ್ನೂ ಉಳಿಸಿಕೊಡದ ಜನ ಎಂಥವರು!

"ಗಾಳ ಎಲ್ಲಿ ಚುಚ್ಚಿತ್ತು ಅಕ್ಕಾರ?" ಎಂದು ಗುರುಪುತ್ರಪ್ಪ ಕೇಳಿದರು.

ಆಕೆ ಬಲಗೈ ಬೋರಲಾಗಿ ಚಾಚಿ, ನಡುಬೆರಳಿನ ಕೆಳಗೆ, ಹಿಂಗೈಯ ಮೇಲೆ ಒತ್ತಿ ತೋರಿಸಿದರು. "ಇಲ್ಲಿ. ಮೊನಿ ಅಂಗೈಯಾಗ ಹೊರಗ ಬಂದಿತ್ತು."

ಜೊತೆಗೆ ಬಂದಿದ್ದ ಮಗಳು ಬ್ರಾಹ್ಮಿ, ಪೊಲೀಸರು ಹಿಂತಿರುಗಿಸಿದ ಚೀಲ ಬಿಚ್ಚಿದಳು. ನೀಟಾಗಿ ಮಡಚಿದ ಪ್ಯಾಂಟು, ಚರ್ಮದ ಬೆಲ್ಟು, ಚರ್ಮದ ಪಟ್ಟಿಯ ಗಡಿಯಾರ ಇದ್ದವು. ಯಾವುದಕ್ಕೂ ಉಪ್ಪುನೀರು ತಾಗಿರಲಿಲ್ಲ.

"ಮೈಮ್ಯಾಲೆ ಏನಿತ್ತವ್ವಾ?"

"ಬಿಳಿ ಪಂಚೆ ಕಾಕಾ. ತೇಲೂ ಜಾಕೀಟ ಮಾತ್ರ ದೋಣ್ಯಾಗ ಬಿದ್ದಿತ್ತಂತ. ಅಂಜಬುರುಕ ಇದ್ದ ಅಣ್ಣ, ದೋಣಿ ಹತ್ತಿದ್ರ ಅದನ್ನ ಬಿಚ್ಚತಿರಲಿಲ್ಲ."

"ಗೆಳ್ಯಾರು ಬಂದ್ರೇನು ಮನಿಗಿ?"

"ಕಲ್ಮೇಶ ದಿನಾ ಹಣ್ಣ ತಗೊಂಡ ಬರ್ತಾನ. ಚೇತನ ಮಾರಿ ತೋರಿಸಿಲ್ಲ."

ನನ್ನ ತಲೆಯಲ್ಲಿ ಆಗಲೇ ತೀರ್ಪು ತಯಾರಾಗಿತ್ತು. ಮುಖ ಮರೆಸಿಕೊಂಡವನೇ ಕಳ್ಳ. ಹೊರಗೆ ಬಂದ ಕೂಡಲೇ ಅದನ್ನು ಹೇಳಿಬಿಟ್ಟೆ.

"ಮಾಸ್ತರ, ನೀವು ಸೀಟಿ ಊದಿ ಆಟಾ ಮುಗಿಸಿಬಿಟ್ರಿ. ಇನ್ನೂ ಸುರುನ ಆಗಿಲ್ಲ," ಎಂದು ಗುರುಪುತ್ರಪ್ಪ ಸ್ಕೂಟರ್ ಒದ್ದರು.

ಚೇತನ ತನ್ನ ಮನೆಯ ಕತ್ತಲೆ ಕೋಣೆಯಲ್ಲಿ ಗಡ್ಡ ಬಿಟ್ಟು ಕುಳಿತಿದ್ದ. ನಮ್ಮನ್ನು ಕಂಡದ್ದೇ ಅತ್ತುಬಿಟ್ಟ. "ನಾ ಕುಡದಿದ್ನಿರೀ. ದೋಣಿ ಮುಂದಿನ ಕಡೆ ನಿದ್ದಿ ಹೊಡ್ಯಾಕತ್ತಿದ್ನಿ. ಕಲ್ಮೇಶ ಒದರಿದಾಗ ಎಚ್ಚರಾತು. ಅವರವ್ವಗ ಯಾವ ಮಾರಿ ತೋರಿಸ್ಲಿ?"

"ದೋಣಿ ನಡಸಾಂವ?"

"ಅಂವ ಇಂಜಿನ್ ಬಾಜು, ಮುಂದ ನೋಡ್ಕೋತ ಕುಂತಿದ್ದ. ಆ ಸಪ್ಪಳದಾಗ ಅಂವಗೇನ ಕೇಳ್ತೈತ್ರಿ?"

ಮಧ್ಯಾಹ್ನ ತೆಗೆದ ಒಂದು ಫೋಟೋ ಅವನ ಮೊಬೈಲಿನಲ್ಲಿತ್ತು. ಹಿಂದೆ ಬರೀ ನೀರು. ಮೂವರೂ ಕಿತ್ತಳೆ ಜಾಕೀಟು ತೊಟ್ಟಿದ್ದರು. ಕಲ್ಮೇಶ ಒಂದು ಭಾರಿ ಮೀನನ್ನು ಎತ್ತಿ ಹಿಡಿದಿದ್ದ. ಅದರ ರಕ್ತ ಪಕ್ಕದಲ್ಲಿದ್ದ ಜಿನೇಂದ್ರನ ಜಾಕೀಟಿಗೂ ಸಿಡಿದಿತ್ತು. ಜಿನೇಂದ್ರ ಬಿಸಿಲಿಗೆ ಬಲಗೈ ಅಡ್ಡ ಹಿಡಿದು ಮುಖ ಸಿಂಡರಿಸಿದ್ದ, ಮಣಿಕಟ್ಟಿಗೆ ಬಿಳಿ ನೂಲಿನ ಜಪಮಾಲೆ ಸುತ್ತಿದ್ದ.

"ಫೋಟೋ ತಗದ ಮ್ಯಾಲೆ ಅವರಿಬ್ರೂ ಹಿಂದ ಹೋಗಿ ಏನೋ ಮಾತಾಡಿದ್ರು. ಬ್ರಾಹ್ಮಿ ಹೆಸರ ಕಿವಿಗಿ ಬಿತ್ತು," ಎಂದ ಚೇತನ.

"ಹೊಳ್ಳಿ ಹೆಂಗ ಬಂದ್ರಿ?"

"ನಾ ಹೆಣದ ಜೋಡಿ ಆಂಬ್ಯುಲೆನ್ಸಿನ್ಯಾಗ ಬಂದ್ನಿ. ಕಲ್ಮೇಶ ಒಬ್ನ ಕಾರ ತಂದ."

ಮರುದಿನ ಖಾನಾಪುರಕ್ಕೆ ಹೋದೆವು. ಸ್ಟೇಷನ್ ರಸ್ತೆಯಲ್ಲಿದ್ದ ಕಲ್ಮೇಶನ ಮನೆ ಅವನ ಹಾಗೆಯೇ ದೊಡ್ಡದಾಗಿ, ಠಾಕುಠೀಕಾಗಿ ಇತ್ತು. ಅವನು ನಮಗೆ ಅವಲಕ್ಕಿ, ಕುಂದಾ ಕೊಟ್ಟು ಉಪಚರಿಸಿದ. ಕುಂದಾ ರುಚಿಯಾಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ. ಹೊರಡುವಾಗ ಅಂಗಳದ ಕಾರಿನ ಕನ್ನಡಿಗೆ ನೇತುಹಾಕಿದ್ದ ಬಿಳಿ ನೂಲಿನ ಮಾಲೆಯನ್ನು ಗುರುಪುತ್ರಪ್ಪ ನೋಡುತ್ತ ನಿಂತರು.

"ಜಿನ್ಯಾಂದು," ಎಂದು ಕಲ್ಮೇಶ ಕಣ್ಣೊರೆಸಿಕೊಂಡ. "ದೋಣಿ ಹತ್ತೂಕಿಂತ ಮೊದಲ, ಮೀನಿನ ಹೊಲಸ ಹತ್ತೀತು ಅಂತ ಕಾರಿನ್ಯಾಗ ಬಿಟ್ಟ ಹೋಗಿದ್ದ. ನೆನಪಿಗಂತ ಹಂಗ ಇಟ್ಟೀನ್ರಿ."

ಎರಡು ದಿನ ಬಿಟ್ಟು ಕಲ್ಮೇಶನ ಅದೇ ಮನೆಯಲ್ಲಿ ಎಲ್ಲರೂ ಸೇರಿದೆವು. ತಾಯಿ, ಮಗಳು, ಚೇತನ, ಕಲ್ಮೇಶ, ನಾನು. ಬಾಗಿಲ ಬಳಿ ಸಾದಾ ಉಡುಪಿನ ಒಬ್ಬ ಪೊಲೀಸ್ ಅಧಿಕಾರಿ. ಎಲ್ಲರೂ ಕುಳಿತರು, ಗುರುಪುತ್ರಪ್ಪ ಮಾತ್ರ ನಿಂತೇ ಇದ್ದರು.

"ಅಕ್ಕಾರ, ಮೊದಲ ನಿಮ್ಮ ಪ್ರಶ್ನಿಗಿ ಉತ್ತರ. ನಿಮ್ಮ ಮಗಾ ಗಾಳ ಮುಟ್ಟಿಲ್ಲ."

ಸುಂದರಾಬಾಯಿ ಎರಡೂ ಕೈ ಎದೆಗೆ ಒತ್ತಿಕೊಂಡರು.

"ಮೀನ ಹಿಡಿಯಾವ ಪ್ಯಾಂಟ ಬಿಚ್ಚಿ, ಚರ್ಮದ ಬೆಲ್ಟ, ಗಡಿಯಾರ ತಗದಿಟ್ಟು, ಬಿಳಿ ಪಂಚೆ ಯಾಕ ಉಡ್ತಾನ? ಹೊತ್ತ ಮುಣಗೂ ಸಮಯ. ಅಂವ ಸಾಮಾಯಿಕಕ್ಕ ಕುಂತಿದ್ದ. ಕಣ್ಣ ಮುಚ್ಚಿ, ಅಳಗ್ಯಾಡದ, ಮಾತಾಡದ, ಮೈಮ್ಯಾಲೆ ಚರ್ಮದ ಸಾಮಾನ ಇಲ್ಲದ ಕುಂದರೂ ಧ್ಯಾನ ಅದು. ಜಾಕೀಟಿಗೆ ಮೀನಿನ ರಕ್ತ ಹತ್ತಿತ್ತು, ಅದಕ್ಕ ಬಿಚ್ಚಿದ. ಹಂಗ ಕುಂತಾವ ತಾನಾಗಿ ಬೀಳಲಿಲ್ಲ. ನೂಕಿದ್ರು."

ಚೇತನ ಕುರ್ಚಿಯ ತುದಿಗೆ ಸರಿದ.

"ಬಿದ್ದಾವ ದೋಣಿ ಅಂಚ ಹಿಡಕೊಂಡ. ಗಾಳಾ ಹಿಡಿಯಾವಗ ಅದು ಬೆರಳಿಗೋ ಅಂಗೈಗೋ ಚುಚ್ಚತೈತಿ. ಇಲ್ಲಿ ಹಿಂಗೈಯಿಂದ ಹೊಕ್ಕು ಅಂಗೈಯಾಗ ಹೊರಗ ಬಂದೈತಿ." ಅವರು ಮೇಜಿನ ಅಂಚು ಹಿಡಿದು ತೋರಿಸಿದರು. ಹಿಂಗೈ ಮೇಲೆ ಕಾಣುತ್ತಿತ್ತು. "ಹಿಂಗ ಹಿಡದ ಕೈಗೆ ಮ್ಯಾಲೆ ನಿಂತಾವ ಚುಚ್ಚಿದ, ಕೈ ಬಿಡಲಿ ಅಂತ. ಆಮ್ಯಾಲೆ ದಾರ ಹಿಡಕೊಂಡ, ನೀರ ಶಾಂತ ಆಗೂತನಾ ಕಾದು, ಒದರಿದ."

"ಯಾರ?" ಎಂದು ಚೇತನ ಕೂಗಿದ.

"ಫೋಟೋದಾಗ, ನಟ್ಟ ನಡು ಸಮುದ್ರದಾಗ, ಜಿನೇಂದ್ರನ ಕೈಯಾಗ ಜಪಮಾಲಿ ಐತಿ. ದೋಣಿ ಹತ್ತೂಕಿಂತ ಮೊದಲ ಕಾರಿನ್ಯಾಗ ಬಿಟ್ಟಿದ್ದ ಅಂತ ಕಲ್ಮೇಶ ಹೇಳಿದ. ಹಂಗಾದ್ರ ಮಾಲಿ ಈಜಿ ಬಂತೇನು? ಕಾರ ತಂದಾವ ಇಂವ ಒಬ್ನ. ಅಂಚ ಹಿಡದ ಕೈಯಿಂದ ಜಾರಿ ಇವನ ಕೈಗೆ ಬಂತದು. ತೊಳದಾನ, ಖರೇ. ಆದ್ರ ನೂಲು ರಕ್ತ ಕುಡದೈತಿ, ಗೊಂಡೆದ ಬುಡಕ ಇನ್ನೂ ಕಂದು ಕಲೆ ಐತಿ."

ಅಧಿಕಾರಿ ಕಾರಿನಿಂದ ಮಾಲೆ ಬಿಚ್ಚಿ ತಂದರು. ಕಲ್ಮೇಶ ಅದನ್ನು ನೋಡಲಿಲ್ಲ. ಅವನು ಬ್ರಾಹ್ಮಿಯನ್ನು ನೋಡುತ್ತಿದ್ದ.

"ಮೀನ ಕೊಲ್ಲೂ ಕೈಗೆ ತಂಗೀನ್ನ ಕೊಡಂಗಿಲ್ಲ ಅಂದ," ಎಂದ ಮೆಲ್ಲಗೆ. "ಇಷ್ಟ ವರ್ಷ ನನ್ನ ಜೋಡಿ ನಕ್ಕೋತ ತಿರಗಿದಾಂವ! ಮೊದಲ ಅಂಜಸೂಣು ಅಂತ ನೂಕಿದ್ನಿ. ಅಂಚ ಹಿಡಕೊಂಡು ಕಲ್ಲ್ಯಾ, ಕಲ್ಲ್ಯಾ ಅಂದ. ಮೀನೆಲ್ಲಾ ಬಿಡಿಸಿದ್ಯಲ್ಲ, ನಿನ್ನ ಯಾವ ಮೀನ ಬಿಡಸ್ತೈತಿ ನೋಡೂಣು ಅಂದ್ನಿ."

ನನ್ನ ಕೈ ತಾನಾಗಿಯೇ ಮೇಲೆದ್ದಿತ್ತು. ಗುರುಪುತ್ರಪ್ಪ ನನ್ನ ರಟ್ಟೆ ಹಿಡಿದು ಕೂರಿಸಿದರು.

"ಮಾಲಿ ಯಾಕ ಒಗೀಲಿಲ್ಲೋ?" ಎಂದು ಅವರು ಕೇಳಿದರು.

ಕಲ್ಮೇಶನ ಕೈ ಅಂಗಿಯೊಳಗಿನ ತನ್ನ ಕೊರಳ ಲಿಂಗವನ್ನು ಮುಟ್ಟಿತು. "ದೇವರ ವಸ್ತು ಅಲ್ಲೇನ್ರಿ? ಯಾರದ ಇದ್ರೂ ದೇವರು ದೇವರ. ಒಗಿಯಾಕ ಕೈ ಬರಲಿಲ್ಲ."

"ಮನಷ್ಯಾನ್ನ ಒಗಿಯಾಕ ಬಂತು," ಎಂದರು ಗುರುಪುತ್ರಪ್ಪ.

ಅವನನ್ನು ಕರೆದೊಯ್ದರು. ಸುಂದರಾಬಾಯಿ ಮೊದಲು ಒಂದು ದೊಡ್ಡ ಉಸಿರು ಬಿಟ್ಟರು. "ಮೀನ ಮುಟ್ಟಲಿಲ್ಲ ನನ್ನ ಕೂಸು," ಎಂದು ಮಗಳ ಕೈ ಹಿಡಿದರು. ಮುಖದಲ್ಲಿ ನಗೆಯಂಥದೇನೋ ಬಂದಿತು. ಒಂದು ಗಳಿಗೆ ನನಗೂ ಹಗುರಾಯಿತು. ಆಮೇಲೆ ಆಕೆ ತಲೆ ಎತ್ತಿದರು.

"ವಕೀಲ್ರ, ಜಾಕೀಟ ಇದ್ದಿದ್ರ ಬದಕತಿದ್ನೇನ್ರಿ?"

ಅಷ್ಟು ಹೊತ್ತು ನಿಂತೇ ಇದ್ದ ಗುರುಪುತ್ರಪ್ಪ ಆಕೆಯ ಎದುರು ಕುರ್ಚಿ ಎಳೆದು ಕುಳಿತರು.

"ಹೇಳಬ್ಯಾಡ್ರಿ," ಎಂದರು ಆಕೆ. "ಮೀನ ಮುಟ್ಟಂಗಿಲ್ಲ ಅನ್ನೂದು ಅಂವ ಕೊಟ್ಟ ಮಾತು. ಎಲ್ಲೇ ಇದ್ರೂ ಸಂಜೀ ಸಾಮಾಯಿಕ ತಪ್ಪಿಸಬ್ಯಾಡ, ಹೊಲಸ ಅರಿವ್ಯಾಗ ಕುಂದರಬ್ಯಾಡ ಅನ್ನೂದು ನಾ ಹಾಕಿದ ನೇಮ. ಅದಕ್ಕ ಒಪ್ಪಿದ್ರ ಹೋಗು ಅಂದಿದ್ನಿ. ಆ ಪಂಚೆ ಮಡಚಿ ಚೀಲದಾಗ ಇಟ್ಟಾಕಿ ನಾನ."

ಬಾಡಿಗೆ ಕಾರಿನಲ್ಲಿ ಬೆಳಗಾವಿಗೆ ಹೊರಟಾಗ ಹೊತ್ತು ಮುಳುಗಿತ್ತು. ಬ್ರಾಹ್ಮಿ ನೀರಿನ ಬಾಟಲಿ ಮುಂದೆ ಹಿಡಿದಳು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ತಾಯಿ ಬೇಡವೆಂದು ತಲೆಯಾಡಿಸಿ, ಸೀಟಿನ ಮೇಲೆ ಕಾಲು ಮಡಚಿ ನೆಟ್ಟಗೆ ಕುಳಿತರು. ಅದು ಅವರ ಸಾಮಾಯಿಕದ ಸಮಯ. ನಾನು ಹಿಂತಿರುಗಿ ನೋಡಿದೆ. ಊರು ಮುಟ್ಟುವವರೆಗೂ ಅವರು ಕಣ್ಣು ಮುಚ್ಚಲಿಲ್ಲ.