ಒಂಬತ್ತು ಬುಟ್ಟಿ, ಒಂದೂ ಜಗಳವಿಲ್ಲ

ಎರಡು ತಿಂಗಳ ನಂತರ ಎದುರು ಸಿಕ್ಕ ಅವನು ಕೇಳಿದ ಮೊದಲ ಮಾತು, "ದಾರೀಲಿ ತುಂಬಾ ಟ್ರಾಫಿಕ್ ಇತ್ತಾ?"

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಈ ಉಪಚಾರದ ಮಾತನ್ನಲ್ಲ.

ನೀರಿನ ಟ್ಯಾಂಕಿನ ಹಿಂದೆ, ಅಪಾರ್ಟ್‌ಮೆಂಟುಗಳ ನಡುವೆ ಹೇಗೋ ಉಳಿದುಕೊಂಡ ಪಾರ್ಕು ಅದು. ಅಲ್ಲಲ್ಲಿ ಒಂಬತ್ತು ಕಂಬ, ಕಂಬಕ್ಕೊಂದು ಸರಪಳಿ ಇಳಿಬಿಟ್ಟ ಬುಟ್ಟಿ. ತಟ್ಟೆಯಂಥ ಡಿಸ್ಕನ್ನು ಎಸೆದು ಎಸೆದು ಬುಟ್ಟಿಗೆ ಬೀಳಿಸಬೇಕು, ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಜೋಡಿ ಆಟದಲ್ಲಿ ಮಾತ್ರ ಒಂದು ಕಿತಾಪತಿ ಇದೆ. ಇಬ್ಬರೂ ಎಸೆದು, ಬಿದ್ದ ಎರಡರಲ್ಲಿ ಒಂದನ್ನು ಆರಿಸಿಕೊಂಡು, ಮುಂದಿನ ಎಸೆತವನ್ನು ಇಬ್ಬರೂ ಅಲ್ಲಿಂದಲೇ ಎಸೆಯಬೇಕು.

ಯಾರದ್ದನ್ನು ಆರಿಸುವುದು ಎಂಬುದರಲ್ಲೇ ಇವರ ಮೂರು ವರ್ಷದ ಪ್ರೀತಿ ಕಳೆದಿತ್ತು. ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನವಳು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಒಪ್ಪುವವಳಲ್ಲ. ಅವನು ಲಿಫ್ಟ್ ಮೆಕ್ಯಾನಿಕ್, ತಾನು ಹೇಳಿದ್ದೇ ಮಟ್ಟ ಎನ್ನುವವನು. ಎತ್ತು ಏರಿಗೆಳೆದರೆ ಕೋಣ ನೀರಿಗೆ.

"ನಂದೇ ಹತ್ತಿರ ಇದೆ ಕಣೋ!"

"ಹತ್ತಿರ ಇದ್ರೆ ಏನು ಬಂತು? ಮುಂದೆ ಮರ ಇದೆ, ಕಣ್ಣು ಕಾಣಲ್ವಾ?"

ಹಿಂದೆ ಬರುತ್ತಿದ್ದ ಜೋಡಿಗಳು ಕಾದು ಕಾದು ಬೆಂಚಿನ ಮೇಲೆ ಕೂತುಬಿಡುತ್ತಿದ್ದವು. ಕೊನೆಗೆ ಅವನು ಒಂದು ಹುಬ್ಬು ಏರಿಸಿ, ಕೆಳತುಟಿ ಕಚ್ಚಿ, ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳು ಡಿಸ್ಕಿನಿಂದ ಅವನ ಬೆನ್ನಿಗೆ ಒಂದು ಕೊಡುತ್ತಿದ್ದಳು. ಆ ನೋಟಕ್ಕಾಗಿಯೇ ಎಷ್ಟೋ ಸಲ ಬೇಕೆಂದೇ ಜಗಳ ತೆಗೆದಿದ್ದಳು, ಕಳ್ಳಿ.

ಆದರೆ ಜಗಳ ಪಾರ್ಕಿನಲ್ಲೇ ಉಳಿಯಲಿಲ್ಲ. ಮದುವೆಯಾದ ಮೇಲೆ ಎಲ್ಲಿರುವುದು ಎಂದು ಶುರುವಾಗಿ, ಅವಳ ಅಮ್ಮ, ಅವನ ಅಕ್ಕ, ಎಲ್ಲರನ್ನೂ ಸುತ್ತಿಕೊಂಡು ಬೆಳೆಯಿತು. ಒಂದು ಸಂಜೆ ಲ್ಯಾಬಿನ ಮೆಟ್ಟಿಲ ಮೇಲೆ ಅವಳು ಕಡ್ಡಿ ಮುರಿದ ಹಾಗೆ ಹೇಳಿದಳು: "ನಿನ್ನ ಜೊತೆ ವಾದ ಮಾಡಿ ಮಾಡಿ ಸಾಕಾಯ್ತು. ಹೋಗು." ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಅಮ್ಮ ಕೇಳಿದ್ದು ಆಮೇಲೆ. ಅಷ್ಟರಲ್ಲಿ ಅವನು ಹೋಗಿಯಾಗಿತ್ತು.

ಈ ದಿನ ಸೀಸನ್ನಿನ ಕೊನೆಯ ಆಟ. ಪಂದ್ಯ ನಡೆಸುವ ರಿಟೈರ್ಡ್ ಡ್ರಿಲ್ ಮೇಷ್ಟ್ರು ಇಬ್ಬರಿಗೂ ಫೋನ್ ಮಾಡಿ ಕರೆದಿದ್ದರು. ಅವಳು ಆಟಕ್ಕೆಂದು ಬಂದಿರಲಿಲ್ಲ, ವಾಪಸ್ ಬಾ ಎಂದು ಕೇಳಲು ಬಂದಿದ್ದಳು. ಎರಡನೇ ಬುಟ್ಟಿಯ ಹೊತ್ತಿಗೆ ಹೇಗೂ ಜಗಳ ಬೀಳುತ್ತದೆ, ಆಮೇಲೆ ಮಾತು ತಾನಾಗಿ ಬರುತ್ತದೆ ಎಂದುಕೊಂಡಿದ್ದಳು.

"ಯಾವುದು?" ಎಂದಳು ಮೊದಲ ಬುಟ್ಟಿಯಲ್ಲಿ.

"ನಿಂದೇ ಇರಲಿ."

ಎರಡನೆಯದರಲ್ಲೂ ಅಷ್ಟೇ. ನಾಲ್ಕನೆಯದರಲ್ಲಿ ಅವಳದು ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಆದರೂ "ನಂದು" ಎಂದಳು. "ಸರಿ" ಎಂದು ಅವನು ತನ್ನದನ್ನು ಎತ್ತಿ, ಮಣ್ಣು ಒರೆಸಿಕೊಂಡ. ದಾರಿಗಡ್ಡ ಬಂದ ಕೊಂಬೆಯನ್ನು ಅವಳಿಗಾಗಿ ಸರಿಸಿ ಹಿಡಿದ. "ಅಮ್ಮನ ಮಂಡಿನೋವು ಹೇಗಿದೆ?" ಎಂದು ಕೇಳಿದ, ಪಕ್ಕದ ಮನೆಯವರನ್ನು ಕೇಳುವ ಹಾಗೆ.

"ಏನೋ, ಜಗಳ ಆಡೋದು ಮರೆತುಹೋಯ್ತಾ?" ನಗುತ್ತಲೇ ಕೆಣಕಿದಳು.

"ಬಿಟ್ಟುಬಿಟ್ಟೆ." ಅವನೂ ನಕ್ಕ. ಲಿಫ್ಟು ರಿಪೇರಿಯಾದ ಮೇಲೆ ಬಿಲ್ಡಿಂಗಿನವರಿಗೆ ಕೊಡುವ ನಗು ಅದು, ಅವಳಿಗೆ ಗೊತ್ತು.

ಒಂಬತ್ತನೆಯದರಲ್ಲಿ ಅವನ ಡಿಸ್ಕು ಬುಟ್ಟಿಯ ಬುಡಕ್ಕೇ ಹೋಗಿ ಬಿತ್ತು. ಅವಳದು ಕಾಂಪೌಂಡಿನ ಪಕ್ಕದ ಮುಳ್ಳುಪೊದೆ ಹೊಕ್ಕಿತು. ಮಗುವೂ ಹೇಳಬಹುದಿತ್ತು ಯಾವುದೆಂದು.

"ನಂದು" ಎಂದಳು.

ಅವನು ಪೊದೆ ನೋಡಿದ, ಬುಟ್ಟಿ ನೋಡಿದ. ಬಾಯಿ ತೆರೆದ. ಅವಳು ಉಸಿರು ಬಿಗಿಹಿಡಿದಳು. ಬೈಯಪ್ಪಾ, ಬೈದುಬಿಡು.

"ಸರಿ" ಎಂದ. ಬುಟ್ಟಿಯ ಬುಡದಲ್ಲಿದ್ದ ತನ್ನ ಡಿಸ್ಕನ್ನು ಎತ್ತಿಕೊಂಡು ಬಂದು, ಬಗ್ಗಿ ಮುಳ್ಳಿನೊಳಗೆ ನುಗ್ಗಿದ.

"ಒಂದು ಸಲ ಬೇಡ ಅನ್ನೋ!" ಎಂದಳು ಅವಳು. "ತಲೆ ಕೆಟ್ಟಿದ್ಯೇನೇ ಅನ್ನು. ನಾನು ಸೋತೆ ಕಣೋ. ನಿನ್ನ ವಾಪಸ್ ಕರೆಯೋಕೆ ಬಂದಿದೀನಿ."

ಅವನು ನಿಧಾನಕ್ಕೆ ನೆಟ್ಟಗಾದ. ತೋಳಿನ ಮೇಲೆ ಮುಳ್ಳು ಗೀರಿ ಸಣ್ಣಗೆ ರಕ್ತ ಬಂದಿತ್ತು.

"ಅವತ್ತು ನೀನು ಹೋಗು ಅಂದಾಗ ಬೇಡ ಅಂದಿದ್ದೆ. ನಿಮ್ಮ ಲ್ಯಾಬಿನ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ, ಅಳ್ತಾ." ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹತ್ರ ಇದ್ದ ಜಗಳ ಎಲ್ಲಾ ಅವತ್ತೇ ಮುಗೀತು ಕಣೇ."

ಇಡೀ ದಿನದಲ್ಲಿ ಅವನ ಬಾಯಿಂದ ಬಂದ ಒಂದೇ ಒಂದು 'ಕಣೇ' ಅದು. ಅದೇ ಹೆಚ್ಚು ನೋಯಿಸಿತು.

ಪೊದೆಯಿಂದ ಹೊರಬರಲು ಮೂರು ಎಸೆತ ಬೇಕಾಯಿತು.

ಮೇಷ್ಟ್ರು ಕನ್ನಡಕ ಏರಿಸಿ, ಪೆನ್ನು ಹಿಡಿದು ಕೂತಿದ್ದರು. "ಮುಂದಿನ ಸೀಸನ್ನಿಗೂ ಇದೇ ಜೋಡಿ ತಾನೇ? ಬರ್ಕೊಳ್ಲಾ?"

ಅವನು ಅವಳ ಕಡೆ ತಿರುಗಿದ. ಹೂಂ ಎಂದರೆ ಅದಕ್ಕೂ ಸರಿ ಎನ್ನುತ್ತಾನೆ. ವಾರವಾರ ಬರುತ್ತಾನೆ, ಕೊಂಬೆ ಸರಿಸಿ ಹಿಡಿಯುತ್ತಾನೆ, ಕೇಳಿದರೆ ಮದುವೆಯೂ ಆಗುತ್ತಾನೇನೋ, ಮನಸ್ಸಿಲ್ಲದಿದ್ದರೂ. ಅವಳಿಗೆ ಆಸೆಯಾಗದೆ ಇರಲಿಲ್ಲ. ಒಂದು ಹೂಂ ಸಾಕಿತ್ತು.

"ಇಲ್ಲ ಸಾರ್. ನಮ್ಮ ಜಾಗ ಬೇರೆಯವರಿಗೆ ಕೊಡಿ."

ಅವನು ಆಗ ನೋಡಿದ, ಆ ದಿನ ಮೊದಲ ಬಾರಿಗೆ ಕಣ್ಣಲ್ಲಿ ಕಣ್ಣಿಟ್ಟು. ಅವನ ಕಣ್ಣು ತುಂಬಿತ್ತು.

"ಥ್ಯಾಂಕ್ಸ್" ಎಂದ, ಮೆಲ್ಲಗೆ.

ಅವಳು ತಲೆಯಾಡಿಸಿ ಹೊರಟಳು. ಗೇಟು ದಾಟುವ ತನಕವಾದರೂ ಅಳಬಾರದು ಎಂದುಕೊಂಡಿದ್ದಳು, ಆಗಲಿಲ್ಲ.