ಆರು ನಿಂಬೆಹಣ್ಣು

1962ರ ಅಕ್ಟೋಬರ್ 4, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಶಂಭುಲಿಂಗಪ್ಪ ಜಯನಗರ ಠಾಣೆಯ ಮೆಟ್ಟಿಲನ್ನು ಭೂಮಿ ನಡುಗುವಂತೆ ಹತ್ತಿ ಬಂದರು. ಹಳೇ ಕಾರು ಕೂಡಿಡುವುದು ಅವರ ಹವ್ಯಾಸ. ಬೆರಳಿಂದ ತಗಡು ತಟ್ಟಿಯೇ ಕಾರಿನ ಬೆಲೆ ಹೇಳಬಲ್ಲೆನೆಂದು ಊರಿಗೆಲ್ಲ ಅವರೇ ಸಾರಿಕೊಂಡಿದ್ದರು.

“ಇಪ್ಪತ್ತೆಂಟನೇ ಇಸವಿ ಗಾಡಿ ಸಾರ್, ಶೆಡ್ಡಿಂದ್ಲೇ ಮಾಯ!”

ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪ ಎಫ್‌ಐಆರ್ ಬರೆಸಿದರು. “ಎಷ್ಟು ಬಾಳುತ್ತೆ?”

“ದೀಪ, ಹಾರನ್‌ಗೆ ಚಿನ್ನದ ಬೆಲೆ ಸಾರ್. ಮಿಕ್ಕಿದ್ದು ಗುಜರಿ. ಸೋಮವಾರ ಬಿಚ್ಚಿಸಿ ಮಾರೋನಿದ್ದೆ.”

ಹತ್ತೂವರೆಗೆ ಶೆಡ್ಡಿನಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಬಾಗಿಲ ಮಣ್ಣಿನಲ್ಲಿ ಎತ್ತಿನ ಗೊರಸಿನ ಗುರುತು.

“ಸ್ಟಾರ್ಟ್ ಮಾಡಿದ್ರೆ ಅದರ ಸದ್ದಿಗೆ ಗೊಟ್ಟಿಗೆರೆ ಎಮ್ಮೆಗಳೂ ಹಗ್ಗ ಕಿತ್ಕೊಂಡು ಓಡ್ತವೆ ಸಾರ್,” ಎಂದ ಕಾನ್‌ಸ್ಟೆಬಲ್ ಬೋರಣ್ಣ. “ಅದಕ್ಕೇ ಎತ್ತು ಕಟ್ಟಿ ಎಳೆದವ್ರೆ.”

ಶೆಡ್ಡಿನ ಎರಡನೇ ಕೀಲಿ ಪರಮಶಿವಯ್ಯನ ಬಳಿ ಇತ್ತು. ಕಾರಿನ ಮೊದಲ ಯಜಮಾನರಿಗೆ ಮೂವತ್ತು ವರ್ಷ ಡ್ರೈವರಾಗಿದ್ದವನು. ಈಗಲೂ ವಾರಕ್ಕೊಮ್ಮೆ ಬಂದು ಒರೆಸಿ ಹೋಗುತ್ತಿದ್ದ. ಅವನ ಮನೆ ಜಾಲಾಡಿದರೆ ಸಿಕ್ಕಿದ್ದು ಒಂದು ಸೈಕಲ್. “ನಂಗೇನೂ ಗೊತ್ತಿಲ್ಲ ಸಾರ್,” ಎಂದ, ಕಣ್ಣೆತ್ತದೆ. ಮರುಳಸಿದ್ದಪ್ಪ ನಂಬಲಿಲ್ಲ; ಆದರೆ ಸಾಕ್ಷಿ ಬೇಕಿತ್ತು. ಮೂರು ದಿನ ಬಿಡದೆ ಹುಡುಕಿದರೂ ಕಾರು ಸಿಗಲಿಲ್ಲ.

ಭಾನುವಾರ ಆಯುಧಪೂಜೆ. ಠಾಣೆಯ ಜೀಪಿನ ಗಾಲಿಗಳಡಿ ಇಡಲು ನಿಂಬೆಹಣ್ಣು ಬೇಕಿತ್ತು. ಬೋರಣ್ಣ ಮೂಲೆ ಅಂಗಡಿಯ ಸೊಣ್ಣಮ್ಮನೊಡನೆ ಚೌಕಾಸಿಗಿಳಿದ. ಇನ್‌ಸ್ಪೆಕ್ಟರ್ ಜೀಪಿನಲ್ಲೇ ಕೂತಿದ್ದರು.

“ನಾಲ್ಕು ನಿಂಬೆಹಣ್ಣಿಗೆ ಇಷ್ಟು ಅಳ್ತೀಯಲ್ಲೋ ಬೋರಣ್ಣ! ಆ ಪರಮಶಿವಯ್ಯ ಈಗ ತಾನೇ ಆರು ತಗಂಡ, ತಲೆಯಷ್ಟು ದಪ್ಪ ಬೂದುಗುಂಬಳಾನೂ ತಗಂಡ, ತುಟಿ ಬಿಚ್ಚಲಿಲ್ಲ. ಸೈಕಲ್ಲಿಗೆ ಆರು ಗಾಲಿ ಬಂದವೋ ಏನೋ!”

ಮರುಳಸಿದ್ದಪ್ಪ ಥಟ್ಟನೆ ನೆಟ್ಟಗೆ ಕೂತರು. ಸೈಕಲ್ಲಿಗೆ ಎರಡು. ಮಿಕ್ಕ ನಾಲ್ಕು?

“ಯಾವ ಕಡೆ ಹೋದ?”

“ತಲಘಟ್ಟಪುರದ ಕಡೆ. ಭಾವಮೈದನ ಮನೆ ಅಲ್ಲೇ ಅಲ್ವಾ?”

ಭಾವಮೈದನ ಹುಲ್ಲಿನ ಕೊಟ್ಟಿಗೆಯಲ್ಲಿ, ಮಧ್ಯಾಹ್ನ ಹನ್ನೆರಡು ಹತ್ತಕ್ಕೆ, ಕಾರು ಮದುವಣಗಿತ್ತಿಯಂತೆ ನಿಂತಿತ್ತು. ದೀಪಗಳಿಗೆ ಕುಂಕುಮ, ಗಾಲಿಗೊಂದು ನಿಂಬೆಹಣ್ಣು. ಪರಮಶಿವಯ್ಯ ಆರತಿ ಹಿಡಿದಿದ್ದ. ಓಡಲಿಲ್ಲ.

“ಯಾಕ್ರೀ ಹಿಂಗ್ ಮಾಡಿದ್ರಿ?”

“ನಾಳೆ ಬಿಚ್ತಾರಂತಲ್ಲ ಸಾರ್. ಮೂವತ್ತು ವರ್ಷ ಒಂದಿನಾನೂ ನಡುದಾರೀಲಿ ಕೈಬಿಡಲಿಲ್ಲ ಇದು ನನ್ನ. ನಾನು ಹೆಂಗ್ ಬಿಡ್ಲಿ?”

ಸುದ್ದಿ ಮುಟ್ಟಿ ಬಂದ ಶಂಭುಲಿಂಗಪ್ಪ ದೀಪವನ್ನು ತಟ್ಟಿ ನೋಡಿದರು. “ಸರಿ ಸಾರ್, ನಾಳೆ ಬಿಚ್ಚಿಸ್ತೀನಿ.”

“ಆಗಲ್ಲ,” ಎಂದರು ಮರುಳಸಿದ್ದಪ್ಪ. “ಈಗಿದು ಕೇಸಿನ ಮಾಲು. ತೀರ್ಪು ಬರೋವರೆಗೂ ಒಂದು ನಟ್ಟೂ ಮುಟ್ಟೋ ಹಾಗಿಲ್ಲ.”

ಬೋರಣ್ಣ ಬೇಡಿ ತೊಡಿಸಿದ. ಪರಮಶಿವಯ್ಯ ತಲೆಯೆತ್ತಿದ.

“ಕೇಸು ಎಷ್ಟು ದಿನ ನಡೀತದೆ ಸಾರ್?”

“ಎರಡು ಮೂರು ವರ್ಷ.”

“ನಡೀಲಿ ಬಿಡಿ.” ದೀಪದ ಗಾಜಿಗೆ ಇಳಿದಿದ್ದ ಕುಂಕುಮವನ್ನು ಬೇಡಿಯ ಕೈಯಿಂದಲೇ ಒರೆಸಿ, ಜೀಪು ಹತ್ತಿದ.